ಹದಿನೇಳನೇ ಮನೆಯ ಕಿಟಕಿ ಮತ್ತು ಎಪ್ಪತ್ತೆಂಟು ಚಪ್ಪಲಿಗಳ ಸರ್ವಾನುಮತ

ಒಂದಾನೊಂದು ಊರಿನಲ್ಲಿ ಒಂದು ಕಾಂಪೌಂಡು ಇತ್ತು. ಕಾಂಪೌಂಡಿನೊಳಗೆ ನಲವತ್ತು ಮನೆಗಳಿದ್ದವು. ನಲವತ್ತು ಮನೆಗಳಿಗೆ ಒಂದು ಸಂಘವಿತ್ತು. ಸಂಘಕ್ಕೆ ಒಂದು ಬೈಲಾ ಪುಸ್ತಕವಿತ್ತು. ಪುಸ್ತಕವನ್ನು ಕಾಯಲು ಶ್ರೀಕಂಠಯ್ಯ ಎಂಬ ಕಾರ್ಯದರ್ಶಿಗಳಿದ್ದರು. ನೆಟ್ಟಗೆ ಕುಳಿತು ಕೇಳಿ. ಹೂಂಗುಟ್ಟುವವರು ಒಬ್ಬೊಬ್ಬರಾಗಿ ಹೂಂಗುಟ್ಟಿ.

ಮೂರರಲ್ಲಿ ಎರಡು ಪಾಲು ಹಾಜರಿ ಇಲ್ಲದಿದ್ದರೆ ಸಭೆ ನಡೆಯದು ಎಂದು ಬೈಲಾ ಹೇಳುತ್ತಿತ್ತು. ಸದಸ್ಯರು ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಳಗೆ ಹೋಗಿ ಬೋಂಡಾ ತಿಂದು, ಕಾಫಿ ಕುಡಿದು, ಕೈ ತೊಳೆಯುವ ನೆಪದಲ್ಲಿ ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲಿ ಮನೆ ಸೇರುತ್ತಿದ್ದರು. ಚಪ್ಪಲಿಗಳು ಮಾತ್ರ ಸಭೆ ಮುಗಿಯುವ ತನಕ ಕಾಯುತ್ತಿದ್ದವು. ಸಾಲಾಗಿ, ಸದ್ದಿಲ್ಲದೆ, ಆಕಳಿಸದೆ. ಅಂಥ ಶಿಸ್ತು ಮನುಷ್ಯರಲ್ಲಿ ಎಲ್ಲಿದೆ?

ಶ್ರೀಕಂಠಯ್ಯನವರು ಯೋಚಿಸಿದರು. ಓಡಿಹೋದವರನ್ನು ಎಣಿಸುವುದು ಕಷ್ಟ. ಅವರು ಬಿಟ್ಟುಹೋದದ್ದನ್ನು ಎಣಿಸುವುದು ಸುಲಭ. ಆದ್ದರಿಂದ ಬೈಲಾದಲ್ಲಿ ಒಂದು ಸಾಲು ಸೇರಿಸಿದರು: 'ಹಾಜರಿ ಎಂದರೆ ಚಪ್ಪಲಿ. ಒಂದು ಚಪ್ಪಲಿಗೆ ಒಂದು ಮತ.'

"ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಚಪ್ಪಲಿಗಳನ್ನು ಕೇಳಿದರು. ಚಪ್ಪಲಿಗಳು ಸುಮ್ಮನಿದ್ದವು. ಮೌನವೇ ಸಮ್ಮತಿ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಮುಂದಿನ ತಿಂಗಳಿನಿಂದ ಸದಸ್ಯರು ಸಭೆಗೆ ಬರುವುದನ್ನೇ ಬಿಟ್ಟರು. ಚೀಲದಲ್ಲಿ ಚಪ್ಪಲಿ ಕಳುಹಿಸಿದರು. ಅದೇ ಚೀಲದಲ್ಲಿ ಬೋಂಡಾ ತರಿಸಿಕೊಂಡರು.

ಹದಿನೇಳನೇ ಮನೆಯಲ್ಲಿ ಬಿಳಿಗಿರಮ್ಮ ಎಂಬ ಒಂಟಿ ಹೆಂಗಸು ಇದ್ದಳು. ಮನೆ ಆಕೆಯದೇ. ಪತ್ರ ಆಕೆಯ ಹೆಸರಿನಲ್ಲೇ ಇತ್ತು. ಆದರೆ ಹುಟ್ಟಿದಂದಿನಿಂದ ಆಕೆ ಚಪ್ಪಲಿ ಮೆಟ್ಟಿದವಳಲ್ಲ. ದಿನಾ ಬೆಳಿಗ್ಗೆ ಆಕೆಯ ಎಮ್ಮೆ ಸುಬ್ಬಿ ಅಡಿಗೆಮನೆಯ ಕಿಟಕಿಯೊಳಗೆ ತಲೆ ತೂರಿಸುತ್ತಿತ್ತು. ಬಿಳಿಗಿರಮ್ಮ ಕಲಗಚ್ಚು ಕುಡಿಸುತ್ತ ರಾತ್ರಿ ಬಿದ್ದ ಕನಸನ್ನು ಹೇಳುತ್ತಿದ್ದಳು. ಸುಬ್ಬಿ ಕಿವಿ ಅಲ್ಲಾಡಿಸುತ್ತಿತ್ತು. ಆಕೆಯ ಮಾತಿಗೆ ಕಿವಿ ಅಲ್ಲಾಡಿಸುವ ಜೀವ ಲೋಕದಲ್ಲಿ ಬೇರೆ ಇರಲಿಲ್ಲ.

ಇದು ಶ್ರೀಕಂಠಯ್ಯನವರ ಕಣ್ಣಿಗೆ ಬಿತ್ತು. "ತಲೆ ನಿಮ್ಮ ಅಡಿಗೆಮನೆಯಲ್ಲಿ, ಬಾಲ ಸಂಘದ ಜಾಗದಲ್ಲಿ. ಒಂದು ಎಮ್ಮೆಗೆ ಎರಡು ವಿಳಾಸ ಇರಕೂಡದು. ಕಿಟಕಿ ಮುಚ್ಚಬೇಕು" ಎಂದರು. ಚಪ್ಪಲಿಗಳನ್ನು ಕೇಳಿದರು. ಸರ್ವಾನುಮತ.

ಬಿಳಿಗಿರಮ್ಮ ಸೆರಗು ಸಿಕ್ಕಿಸಿಕೊಂಡು ಸಭೆಯ ಬಾಗಿಲಿಗೇ ಬಂದಳು. "ಸ್ವಾಮಿ, ನಾನು ಮನೆ ಒಡತಿ. ನನಗೂ ಮಾತಾಡೋ ಹಕ್ಕಿದೆ."

"ಹಕ್ಕಿದೆ ತಾಯಿ, ಆದರೆ ನೀವು ಹಾಜರಿಲ್ಲವಲ್ಲ."

"ಎದುರಿಗೇ ನಿಂತಿದ್ದೀನಲ್ಲಪ್ಪ!"

"ನಿಂತಿರುವುದು ನಿಮ್ಮ ಕಾಲು. ಚಪ್ಪಲಿ ಎಲ್ಲಿ?"

ಬಿಳಿಗಿರಮ್ಮ ಚಪ್ಪಲಿಗಳ ಕಡೆಗೇ ತಿರುಗಿದಳು. ಮೂವತ್ತೊಂಬತ್ತು ಮನೆಗಳ ಎಪ್ಪತ್ತೆಂಟು ಚಪ್ಪಲಿಗಳು. "ನಿಮ್ಮ ಬಾಯೇನು ಬಿದ್ದುಹೋಗಿದೆಯಾ? ನೀವಾದರೂ ಒಂದು ಮಾತು ಹೇಳಬಾರದೇನ್ರಪ್ಪ?"

ಮುಂದಿನ ಸಾಲಿನ ಎಡಗಾಲಿನ ಹಳೆಯ ಚಪ್ಪಲಿಯೊಂದು ಕಿರ್ರೆಂದಿತು. "ಇಲ್ಲಿವರೆಗೆ ನಮ್ಮ ಮುಖ ನೋಡಿ ಯಾರೂ ಕೇಳಿರಲಿಲ್ಲ ತಾಯಿ. ಕೇಳಿದಿರಿ, ಹೇಳುತ್ತೇವೆ."

ಶ್ರೀಕಂಠಯ್ಯನವರು ಬಗ್ಗಿ ನೋಡಿದರು. "ಎಲಾ! ನೀನು ನನ್ನ ಚಪ್ಪಲಿ!"

"ನಾನು ಈ ಸಂಘದ ಸದಸ್ಯ. ನೀನು ನನ್ನ ಕಾಲು. ಏಕವಚನ ಬೇಡ."

ಬೈಲಾ ತೆರೆದು ನೋಡಿದರು. ಚಪ್ಪಲಿ ಹೇಳಿದ್ದು ಸರಿಯಾಗಿತ್ತು. ಅಲ್ಲೇ, ಆಗಲೇ, ಎಡಗಾಲಿನ ಚಪ್ಪಲಿ ಅಧ್ಯಕ್ಷನಾಯಿತು. ಕಾಲುಗಳೆಲ್ಲ ಇನ್ನು ಮುಂದೆ ಬಾಡಿಗೆದಾರರು ಎಂದು ಠರಾವಾಯಿತು. ಹಿಮ್ಮಡಿ ಒಡೆದವರು, ಉಗುರು ಬೆಳೆಸಿದವರು ಚಪ್ಪಲಿಯೊಳಗೆ ಕಾಲಿಡುವ ಮುನ್ನ ಅರ್ಜಿ ಕೊಡಬೇಕು. ಶ್ರೀಕಂಠಯ್ಯನವರ ಹಿಮ್ಮಡಿ ಒಡೆದಿತ್ತು. ಅವರ ಅರ್ಜಿ ತಿರಸ್ಕಾರವಾಯಿತು. ಅವರು ಒಡೆದ ಹಿಮ್ಮಡಿ ನೆಲಕ್ಕೆ ತಾಗಿಸದೆ ಕುಪ್ಪಳಿಸಿಕೊಂಡು ಮನೆಗೆ ಹೋದರು.

ಬಿಳಿಗಿರಮ್ಮನಿಗೆ ಹಿಗ್ಗು. "ಹಾಗಾದರೆ ನನ್ನ ಕಿಟಕಿ ಉಳೀತಲ್ಲ?"

"ನಿಮ್ಮ ಕಷ್ಟ ನಮಗೆ ಗೊತ್ತಮ್ಮ. ಜನ್ಮವೆಲ್ಲ ತುಳಿಸಿಕೊಂಡವರು ನಾವು" ಎಂದು ಅಧ್ಯಕ್ಷ ಚಪ್ಪಲಿ ನಿಟ್ಟುಸಿರು ಬಿಟ್ಟಿತು. "ಆದರೆ ಬೈಲಾ ಅಂದರೆ ಬೈಲಾ. ನಿಮ್ಮ ಕಾಲಿಗೆ ಮಾಲೀಕರಿಲ್ಲ. ಮಾಲೀಕರಿಲ್ಲದ ಕಾಲಿನ ಅರ್ಜಿ ನಾವು ಮುಟ್ಟುವಂತಿಲ್ಲ."

"ಒಂದು ಜೊತೆ ಕೊಂಡು ತರಲಾ?"

"ತನ್ನಿ. ಮೂರು ವರ್ಷ ಸವೆದ ಮೇಲೆ ಮತದಾನದ ಹಕ್ಕು. ಕಿಟಕಿ ನಾಳೆ ಹತ್ತು ಗಂಟೆಗೆ."

ಮರುದಿನ ಹತ್ತು ಗಂಟೆಗೆ ಗಾರೆಯವನು ಇಟ್ಟಿಗೆ ತಂದು ಕಿಟಕಿ ಮುಚ್ಚಿದ. ಸುಬ್ಬಿ ತಲೆ ತೂರಿಸಲು ಹೋಯಿತು. ಕೊಂಬಿಗೆ ಇಟ್ಟಿಗೆ ತಾಗಿತು. ಅದು ಹೊರಗೆ ಬಂದು ನಿಂತ ಬಿಳಿಗಿರಮ್ಮನ ಮುಖ ನೋಡಿತು. ಬಿಳಿಗಿರಮ್ಮ ಅದರ ಕಾಲು ನೋಡಿದಳು. ನೋಡಿದವಳೇ ಹಗ್ಗ ಹಿಡಿದು ನೇರ ಸಭೆಯ ಬಾಗಿಲಿಗೆ ಎಳೆದು ತಂದಳು.

"ಕಾಲಿನ ಕೆಳಗಿರೋದು, ನೆಲ ಮುಟ್ಟೋದು, ಸವೆಯೋದು. ಏನದು, ಹೇಳಿ ಸ್ವಾಮಿ?"

"ಚಪ್ಪಲಿ" ಎಂದರು ಶ್ರೀಕಂಠಯ್ಯನವರು, ಹೊರಗೆ ಒಂಟಿಕಾಲಲ್ಲಿ ನಿಂತು.

"ಹಾಗಾದರೆ ಇದರ ಗೊರಸು?"

ಬೈಲಾ ತಿರುವಿ ಹಾಕಿದರು. ಎಮ್ಮೆಯ ಗೊರಸು ಚಪ್ಪಲಿಯಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ. ಸುಬ್ಬಿಗೆ ಏಳು ವರ್ಷ. ಗೊರಸು ಏಳು ವರ್ಷ ಸವೆದಿತ್ತು.

"ಕಳಚಿ ಬಾಗಿಲಲ್ಲಿ ಬಿಡಲಿ" ಎಂದಿತು ಅಧ್ಯಕ್ಷ ಚಪ್ಪಲಿ.

"ಕಳಚಲು ಬಾರದ್ದಕ್ಕೆ ಆಜೀವ ಸದಸ್ಯತ್ವ" ಎಂದು ಶ್ರೀಕಂಠಯ್ಯನವರು ಓದಿದರು. "ನಾಲ್ಕು ಮತ."

"ನಾಲ್ಕೇ ತಾನೆ!" ಎಂದು ಎಪ್ಪತ್ತೆಂಟು ಚಪ್ಪಲಿಗಳು ನಕ್ಕವು.

ಸುಬ್ಬಿಗೆ ಲೆಕ್ಕ ಬರುತ್ತಿರಲಿಲ್ಲ. ನಿಂತು ನಿಂತು ಬೇಸರವಾಯಿತು. ಅದು ಬಾಗಿಲಲ್ಲೇ ಮಲಗಿತು. ಎಪ್ಪತ್ತೆಂಟರ ಮೇಲೂ ಮಲಗಿತು. ಎಮ್ಮೆ ಮಲಗುವುದು ತನ್ನ ಇಷ್ಟದಿಂದ, ಏಳುವುದೂ ತನ್ನ ಇಷ್ಟದಿಂದ.

ಶ್ರೀಕಂಠಯ್ಯನವರು ಹಾಜರಿ ತೆಗೆದರು. ಕಂಡದ್ದು ನಾಲ್ಕು ಗೊರಸು.

"ಹಾಜರ್! ಹಾಜರ್!" ಎಂದು ಹೊಟ್ಟೆಯ ಕೆಳಗಿನಿಂದ ಕ್ಷೀಣ ದನಿ ಬಂತು.

"ಕಣ್ಣಿಗೆ ಕಾಣದ್ದನ್ನು ಬರೆಯುವಂತಿಲ್ಲ" ಎಂದರು ಶ್ರೀಕಂಠಯ್ಯನವರು. ಅಷ್ಟು ಸಂತೋಷದಿಂದ ಅವರು ಎಂದೂ ಬೈಲಾ ಪಾಲಿಸಿರಲಿಲ್ಲ. "ಹಾಜರಿ ಸಾಲದು. ಸಭೆ ಅರ್ಧ ಗಂಟೆ ಮುಂದಕ್ಕೆ. ಆಮೇಲೆ ಇದ್ದವರೇ ಸಭೆ."

ಅರ್ಧ ಗಂಟೆ ಕಳೆಯಿತು. ಇದ್ದದ್ದು ನಾಲ್ಕು ಗೊರಸು. ನಾಲ್ಕಕ್ಕೆ ನಾಲ್ಕು ಮತಗಳಿಂದ ಸುಬ್ಬಿ ಅಧ್ಯಕ್ಷೆಯಾಯಿತು.

"ಕಿಟಕಿ ತೆರೆಯಬೇಕೇ?" ಎಂದು ಕೇಳಿದರು. ಸುಬ್ಬಿ "ಹೂಂ" ಎಂದಿತು. ಯಾವ ಕಿಟಕಿ ಎಂದು ಅದು ಹೇಳಲಿಲ್ಲ. ಆದ್ದರಿಂದ ನಲವತ್ತು ಅಡಿಗೆಮನೆಗಳಲ್ಲೂ ಎಮ್ಮೆಯ ಕತ್ತಿನ ಎತ್ತರಕ್ಕೆ ಕಿಟಕಿ ಒಡೆಯಬೇಕೆಂದು ಆಜ್ಞೆಯಾಯಿತು. ಗಾರೆಯವನು ಹದಿನೇಳನೇ ಮನೆಯ ಇಟ್ಟಿಗೆ ಕಿತ್ತ. ಉಳಿದವರ ಗೋಡೆಗಳನ್ನೂ ಕಿತ್ತ.

ಬಿಳಿಗಿರಮ್ಮ ಮರುದಿನ ಕಲಗಚ್ಚು ಹಿಡಿದು ನಿಂತಳು. ತಲೆ ಬರಲಿಲ್ಲ. ಒಂದನೇ ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತು. ಎರಡನೆಯದರಲ್ಲಿ ಬೋಂಡಾ. ಮೂರನೆಯದರಲ್ಲಿ ಹಿಂಡಿಯ ಜೊತೆಗೆ ಮನವಿಪತ್ರ. ಮೂರು ದಿನ ಕಾದು, ಆಕೆ ಸಭೆಯ ಬಾಗಿಲಿಗೆ ಹೋದಳು.

"ಸುಬ್ಬೀ, ಬಾರೇ ಮನೆಗೆ."

ಸುಬ್ಬಿ ಮೆಲುಕು ನಿಲ್ಲಿಸಿತು. "ಅಧ್ಯಕ್ಷೆ ಎನ್ನಬೇಕು."

"ಒಂದು ಕನಸು ಬಿದ್ದಿತ್ತು ಕಣೇ. ನೀನು ಮಾತಾಡಿದ ಹಾಗೆ."

"ಲಿಖಿತದಲ್ಲಿ ಕೊಡಿ" ಎಂದಿತು ಸುಬ್ಬಿ. "ಮುಂದಿನ ಸಭೆಯಲ್ಲಿ ಓದಿಸುತ್ತೇವೆ."

ಕಿವಿ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

ನೀತಿಯನ್ನು ಬರೆದುಕೊಳ್ಳಿ, ಅಕ್ಷರ ದುಂಡಗಿರಲಿ: ನಿಮ್ಮ ಹಕ್ಕಿಗಾಗಿ ಎಮ್ಮೆಯನ್ನು ಗೆಲ್ಲಿಸಿದರೆ, ಗೆಲ್ಲುವುದು ಎಮ್ಮೆ. ಕತೆ ಇಲ್ಲಿಗೆ ಪಾಸಾಯಿತು. ಒಪ್ಪದವರು ಎದ್ದು ನಿಲ್ಲಿ, ಒಪ್ಪಿದವರು ಸಾಲಾಗಿ ಮನೆಗೆ ಹೋಗಿ.