ಹೆಬ್ಬಾವು ಕಲಿಸಿದ ಪಾಠ

ಮೃಗಾಲಯದ ಪಾಠಕ್ಕೆ ಬಂದ ಶಾಲಾ ಮಕ್ಕಳು ಒಬ್ಬೊಬ್ಬರಾಗಿ ಹೆಬ್ಬಾವಿನ ಮೈ ಸವರಿದರು.

"ನೋಡಿದ್ರಾ? ಹಾವು ನಮ್ಮ ಸ್ನೇಹಿತ. ಹೆದರಬಾರದು, ಹೊಡೆಯಬಾರದು" ಎಂದರು ಹಾಲಪ್ಪ ಮೇಷ್ಟ್ರು.

ಮಕ್ಕಳು ಹೊರಟರು. ಮತ್ತೆ ಗಾಜಿನ ಪೆಟ್ಟಿಗೆ ಸೇರಿದ ಹೆಬ್ಬಾವು, ಕಿಟಕಿಯಾಚೆ ಪೊದೆಯಲ್ಲಿ ಅಡಗಿದ್ದ ಕೇರೆಹಾವಿಗೆ ಹೆಮ್ಮೆಯಿಂದ ಹೇಳಿತು: "ತಮ್ಮಾ, ಇನ್ನು ನೀನು ಬಚ್ಚಿಟ್ಟುಕೊಳ್ಳಬೇಕಿಲ್ಲ. ಇವರಿಗೆಲ್ಲ ನಾನು ಪಾಠ ಕಲಿಸಿದ್ದೇನೆ."

ಕೇರೆ ಅದನ್ನು ನಂಬಿ, ಮಕ್ಕಳ ಎದುರಿಗೇ ದಾರಿ ದಾಟಲು ಹೊರಟಿತು.

"ಅಯ್ಯೋ, ಹಾವು! ಕಲ್ಲು ತಗೊಳ್ರೋ!" ಎಂದು ಮೇಷ್ಟ್ರೇ ಕೂಗಿದರು.

ಬಾಲ ಜಜ್ಜಿಹೋದ ಕೇರೆ ಹೇಗೋ ತೆವಳುತ್ತ ಪೊದೆಗೆ ಹಿಂತಿರುಗಿತು.

"ನನ್ನ ಪಾಠ ಅವರಿಗೆ ಅರ್ಥವಾಗಲಿಲ್ಲವೇ?" ಎಂದು ಹೆಬ್ಬಾವು ಕೇಳಿತು.

"ಚೆನ್ನಾಗಿಯೇ ಅರ್ಥವಾಗಿದೆ ಅಣ್ಣಾ," ಎಂದಿತು ಕೇರೆ. "ಪೆಟ್ಟಿಗೆಯಲ್ಲಿರುವ ಹಾವು ಮಾತ್ರ ಸ್ನೇಹಿತ ಎಂದು ಕಲಿತು ಹೋಗಿದ್ದಾರೆ."