ಬುಟ್ಟಿ ಹೆಣೆಯುವವಳೂ ಅರಸನ ಜೋಳವೂ

"ಗುರುಗಳೇ, ಬಡವರಿಗೆ ಅರಸನು ಧಾನ್ಯ ಕೊಡುತ್ತಾ ಹೋದರೆ ಅವರು ದುಡಿಯುವುದನ್ನೇ ಮರೆಯುವುದಿಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳಿದ್ದಳು. ಗಂಡ ಜ್ವರದಿಂದ ತೀರಿಕೊಂಡಿದ್ದ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಆ ನಾಡಿನ ಅರಸ ದಯಾವಂತ. ದುಡಿಮೆಯಿಲ್ಲದ ಮನೆಗಳಿಗೆ ಕಣಜದಿಂದ ಜೋಳ ಕೊಡಿಸುತ್ತಿದ್ದ. ದುಡಿಮೆ ಶುರುವಾದ ದಿನವೇ ಜೋಳ ನಿಲ್ಲಬೇಕೆಂಬುದೂ ಅವನದೇ ಆಜ್ಞೆ.

ದುಃಖ ತುಸು ತಗ್ಗಿದ ಮೇಲೆ ಅವಳು ಒಂದು ಬುಟ್ಟಿ ಹೆಣೆದು ಸಂತೆಯಲ್ಲಿ ಮಾರಿದಳು. ಜೋಳ ನಿಂತಿತು. ಮುಂದಿನ ಸಂತೆಯಲ್ಲಿ ಬುಟ್ಟಿ ಮಾರಾಟವಾಗಲಿಲ್ಲ. ಮಕ್ಕಳು ಗಂಜಿಯ ತಿಳಿ ಕುಡಿದು ಮಲಗಿದರು. ಮಗ ಹಾಸಿಗೆ ಹಿಡಿದ. ಅವಳು ಬಿದಿರು ಸೀಳುವ ಕತ್ತಿಯನ್ನು ಸೂರಿಗೆ ಸಿಕ್ಕಿಸಿ, ಮತ್ತೆ ಕಣಜದ ಬಾಗಿಲಿಗೆ ಹೋಗಿ ನಿಂತಳು. ಜೋಳ ಮತ್ತೆ ಬಂತು. ಆಮೇಲೆ ಅವಳು ಬಿದಿರು ಮುಟ್ಟಲಿಲ್ಲ. ಊರು ಅವಳನ್ನು ಸೋಮಾರಿ ಎಂದಿತು. ಮಗಳು ಅದನ್ನು ಕೇಳಿಸಿಕೊಂಡು ಬಂದು ಅತ್ತಳು. ತಾಯಿ ಅವಳ ಕಣ್ಣೊರೆಸಿದಳು.

ದೂರು ಕಣಜದ ಅಧಿಕಾರಿಯವರೆಗೂ ಹೋಯಿತು. ಅವನು ಅವಳ ಮನೆಗೇ ಬಂದ. "ಕಸುಬು ಬಲ್ಲವಳು ಹೀಗೆ ಕೈಕಟ್ಟಿ ಕೂತಿದ್ದೀಯಲ್ಲ, ಯಾಕಮ್ಮಾ?"

"ಹೆಣೆಯಲು ಕೈ ತುಡಿಯುತ್ತದೆ ಸ್ವಾಮಿ. ಆದರೆ ಒಂದು ಬುಟ್ಟಿ ಮಾರಿದರೆ ಜೋಳವೆಲ್ಲ ನಿಲ್ಲುತ್ತದೆ. ಒಂದು ಬುಟ್ಟಿಯಿಂದ ಈ ಮಕ್ಕಳ ಹೊಟ್ಟೆ ತುಂಬುವುದಿಲ್ಲ."

ಅಧಿಕಾರಿ ಗದರಿಸಲಿಲ್ಲ. ನೇರವಾಗಿ ಅರಸನ ಬಳಿಗೆ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದ. ದುಡಿಮೆ ನೆಲೆಗೊಳ್ಳುವವರೆಗೂ ಯಾವ ಮನೆಯ ಜೋಳವನ್ನೂ ನಿಲ್ಲಿಸಬೇಡಿ ಎಂದು ಅರಸ ಎಲ್ಲ ಕಣಜಗಳಿಗೂ ಹೇಳಿ ಕಳುಹಿಸಿದ. ತನ್ನ ಆಜ್ಞೆಯನ್ನು ತಾನೇ ತಿದ್ದಲು ಆ ಅರಸ ನಾಚಲಿಲ್ಲ.

ಹೆಂಗಸು ಹೆಣೆಯತೊಡಗಿದಳು. ಬುಟ್ಟಿ, ಮೊರ, ಕಡೆಗೆ ತೊಟ್ಟಿಲು ಕೂಡ. ಗಿರಾಕಿಗಳು ಮನೆ ಹುಡುಕಿಕೊಂಡು ಬಂದರು. ಮಗ ಚೇತರಿಸಿಕೊಂಡ. ಮಗಳು ಅಕ್ಷರ ಕಲಿಯಲು ಹೋದಳು. ಒಂದು ದಿನ ಆ ತಾಯಿ, ಯಾರೂ ಕರೆಯದೆಯೇ, ಕಣಜಕ್ಕೆ ಬಂದು, "ಇನ್ನು ನಮಗೆ ಬೇಡ ಸ್ವಾಮಿ, ನಮ್ಮ ಪಾಲನ್ನು ಇಲ್ಲದವರಿಗೆ ಕೊಡಿ" ಎಂದಳು. ಅಧಿಕಾರಿ ಎದ್ದು ನಿಂತು ಕೈಮುಗಿದ.

ಕತೆ ಕೇಳಿದ ಶಿಷ್ಯನ ಕಣ್ಣು ತುಂಬಿತ್ತು. "ಎಂಥ ಹೆಂಗಸು! ಆದರೆ ಗುರುಗಳೇ, ಎಲ್ಲರೂ ಅವಳಂತಿರುತ್ತಾರೆಯೇ?"

ಗುರುಗಳು ಹೇಳಿದರು: "ಊರು ಸೋಮಾರಿ ಎಂದದ್ದೂ ಅವಳನ್ನೇ."