ಎರಡೂ ದಡದ ವೈದ್ಯ

"ಹಳೆಯದನ್ನು ನಿಲ್ಲಿಸಲೇಬೇಕೇ, ಗುರುಗಳೇ?" ಎಂದು ನೀಲಾಂಬಿಕೆ ಕೇಳಿದಳು.

ಅವಳು ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಯಾವ ರೋಗಿಗೆ ಯಾವ ಔಷಧ ಕೊಟ್ಟಾಯಿತು ಎಂಬುದನ್ನು ನೆನಪಿಡುವ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರಿನಂತೆ ನಡೆಯುವ ವ್ಯವಸ್ಥೆ, ಒಂದು ಹಳೆಯ ಸರ್ವರಿನಲ್ಲಿತ್ತು. ಅಂದು ಬೆಳಗ್ಗೆ ಅದರ ಬ್ಯಾಕಪ್ ಪ್ರತಿ ತೆಗೆದು ಹೊಸ ಸರ್ವರಿನಲ್ಲಿ ಎಬ್ಬಿಸಿದ್ದಳು. ಅದೇ ಹೆಸರು, ಅದೇ ನೆನಪು. ಹಳೆಯದನ್ನು ನಿಲ್ಲಿಸಲು ಮಾತ್ರ ಮನಸ್ಸು ಬಂದಿರಲಿಲ್ಲ.

"ಹೊಸದು ಕೈಕೊಟ್ಟರೆ? ಎರಡೂ ನಡೆಯುತ್ತಿರಲಿ ಎಂದು ಬಿಟ್ಟು ಬಂದೆ."

"ಕೂತುಕೋ, ಮಗಳೇ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನ ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಅವನ ಶಿಷ್ಯ ಹೊಳೆಯಾಚೆ ಹೊಸ ಮನೆ ಕಟ್ಟಿದ. ಮಧ್ಯಾಹ್ನ ವೈದ್ಯನಿಗೆ ನಿದ್ದೆ ಹತ್ತಿದಾಗ, ಅವನ ಕನಸಿನಿಂದಲೇ ಅವನಂಥವನೊಬ್ಬನನ್ನು ನೇಯ್ದು, ಹೊಳೆ ದಾಟಿಸಿ, ಹೊಸ ಮನೆಯಲ್ಲಿ ಮಲಗಿಸಿದ. ಅಲ್ಲಿ ವೈದ್ಯ ಕಣ್ಣು ಬಿಟ್ಟ. ಅರೆದ ಬೇರಿನ ವಾಸನೆ ಬೆರಳಲ್ಲಿ ಹಾಗೆಯೇ ಇತ್ತು. ಒಮ್ಮೆ ರೆಪ್ಪೆ ಮಿಟುಕಿಸಿದೆ ಎಂದಷ್ಟೇ ಅವನಿಗೆ ಅನಿಸಿತು.

ಈಚೆ ದಡದವನನ್ನು ನಿದ್ದೆಯಲ್ಲೇ ಬಿಟ್ಟು ಶಿಷ್ಯ ಬಾಗಿಲು ಹಾಕಬೇಕಿತ್ತು. ಹೊಸ ಮನೆಗೆ ಏನಾದರೂ ಆದರೆ ಆಗ ಎಬ್ಬಿಸಬಹುದಿತ್ತು. ಅಷ್ಟು ಧೈರ್ಯ ಸಾಲದೆ ಬಾಗಿಲು ತೆರೆದೇ ಬಿಟ್ಟ. ಈಚೆ ದಡದ ವೈದ್ಯನೂ ಎದ್ದು ಬೇರು ಅರೆಯತೊಡಗಿದ.

ಮರುದಿನ ಬೆಳಗ್ಗೆ ಒಬ್ಬ ತಾಯಿ ಜ್ವರದ ಮಗುವನ್ನು ಈಚೆ ದಡದ ವೈದ್ಯನಿಗೆ ತೋರಿಸಿದಳು. ಅವನು ಒಂದು ಚಿಟಿಕೆ ಪುಡಿ ನೆಕ್ಕಿಸಿದ. ಉಗ್ರವಾದ ಪುಡಿ, ದಿನಕ್ಕೆ ಒಂದೇ ಚಿಟಿಕೆ. ಸಂಜೆ, ವೈದ್ಯ ಹೊಸ ಮನೆಗೆ ಹೋಗಿದ್ದಾನೆಂದು ಕೇಳಿದ್ದ ಅಜ್ಜಿ ಅದೇ ಮಗುವನ್ನು ಎತ್ತಿಕೊಂಡು ಆಚೆ ದಡಕ್ಕೆ ಹೋದಳು.

"ಬೆಳಗ್ಗೆ ನೀವೇ ಪುಡಿ ಕೊಟ್ಟಿರಂತಲ್ಲ ವೈದ್ಯರೇ, ಜ್ವರ ಇಳಿದೇ ಇಲ್ಲ."

"ನಾನೇ? ಈ ಮಗುವನ್ನು ನೋಡುತ್ತಿರುವುದೇ ಈಗ, ಅಜ್ಜಿ."

"ಹಾಗಾದರೆ ನನ್ನ ಸೊಸೆ ಯಾರ ಮನೆ ಹೊಕ್ಕು ಬಂದಳೋ! ಅವಳದು ಬರೀ ಬಾಯಿ."

ವೈದ್ಯ ಸುಳ್ಳು ಹೇಳಿರಲಿಲ್ಲ. ಅವನೂ ಒಂದು ಚಿಟಿಕೆ ಪುಡಿ ನೆಕ್ಕಿಸಿದ. ಮಗು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಯಿತು. ದೋಣಿ ನಡುಹೊಳೆಗೆ ಬಂದಾಗ ಅಜ್ಜಿ ಅದನ್ನು ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನೀಲಾಂಬಿಕೆಗೆ ತಾನೇ ಆ ದೋಣಿಯಲ್ಲಿ ಕೂತಂತೆ ಆಗಿತ್ತು.

"ಮಗು ಕಣ್ಣು ಬಿಟ್ಟಿತೇ, ಗುರುಗಳೇ?"

"ನೀನು ಕತೆ ಕೇಳುತ್ತ ಕೂತ ಇಷ್ಟು ಹೊತ್ತೂ, ನಿನ್ನ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರೂ ಎಚ್ಚರವಾಗಿದ್ದಾರೆ."